ಕಲ್ಕತ್ತಾದ ಮೊದಲ ಮೇಯರ್ ದಾಸ್ ಅವರೇ, ಸುಭಾಷ್ ಅಲ್ಲ

ನಿಮ್ಮ ಮಗಳ ಪ್ರಬಂಧಕ್ಕೆ ಹುಡುಕುವಾಗ ಕಲ್ಕತ್ತಾದ ಮೊದಲ ಮೇಯರ್ ಅಂತ ಒಂದು ಕಡೆ ಬ್ಯಾರಿಸ್ಟರ್ ಚಿತ್ತರಂಜನ ದಾಸ್, ಇನ್ನೊಂದು ಕಡೆ ಸುಭಾಷ್ ಚಂದ್ರ ಬೋಸ್ ಸಿಕ್ಕಿ, ಯಾರು ಸರಿ ಅಂತ ಕೇಳಿದ್ದೀರಿ. ಇದಕ್ಕೆ ಕಾರಣ, 1924ರ ಎರಡು ಹುದ್ದೆಗಳು ಕಲಸಿಹೋಗಿರುವುದು. ನೀವು ನೋಡಿದ ಪುಸ್ತಕ ನಾನು ನೋಡಿಲ್ಲ, ಹಾಗಾಗಿ ಇದು ಊಹೆ. ಆ ವರ್ಷ ದಾಸ್ ಮೇಯರ್ ಆದರು. ಸುಭಾಷ್ ಪಾಲಿಕೆಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯಾದರು. ಸುಭಾಷ್ ಮೇಯರ್ ಆಗಿದ್ದು 1930ರಲ್ಲಿ. ದಾಸ್ ಅವರ ಹಾಗೆ ಅವರು ವಕೀಲರೂ ಅಲ್ಲ, ಐಸಿಎಸ್ (ಬ್ರಿಟಿಷ್ ಕಾಲದ ಉನ್ನತ ಸರ್ಕಾರಿ ಸೇವೆ) ಬಿಟ್ಟು ಬಂದವರು.

ಮೊದಲು ಪ್ರಬಂಧದಲ್ಲಿ ಮೊದಲ ಮೇಯರ್ ಯಾರು ಅನ್ನೋ ಸಾಲು ಸರಿಮಾಡಿಸಿ. ಆಮೇಲೆ ದಾಸ್ ವಕೀಲಿಕೆಗೆ ಇನ್ನಷ್ಟು ಜಾಗ ಕೊಡಿಸಿ, ರುಚಿ ಇರುವುದೇ ಅಲ್ಲಿ. ಆಲಿಪುರ ಬಾಂಬ್ ಮೊಕದ್ದಮೆಯಲ್ಲಿ (ಬ್ರಿಟಿಷ್ ಸರ್ಕಾರದ ವಿರುದ್ಧ ಸಂಚಿನ ಆರೋಪದ ಕೇಸು) ಅರವಿಂದ ಘೋಷರ ಪರ ವಾದಿಸಿದವರು ಇವರು. ಈ ಮನುಷ್ಯ ನಿಂತಿರುವುದು ಈ ಕೋರ್ಟಿನ ಮುಂದೆ ಮಾತ್ರವಲ್ಲ, ಇತಿಹಾಸದ ಹೈಕೋರ್ಟಿನ ಮುಂದೆ ಕೂಡ ಅನ್ನೋ ಅರ್ಥದಲ್ಲಿ ವಾದ ಮುಗಿಸಿದರು. 1909ರಲ್ಲಿ ಅರವಿಂದರ ಬಿಡುಗಡೆಯಾಯಿತು. ದಾಸ್ ಅವರ ಹೆಸರು, ಸಂಪಾದನೆ ಎರಡೂ ಜಾಸ್ತಿಯಾದವು. ಅಂಥ ಪ್ರಾಕ್ಟೀಸನ್ನು ಅಸಹಕಾರ ಚಳವಳಿಗಾಗಿ ಬಿಟ್ಟೇಬಿಟ್ಟರು. ಸುಮ್ನೆ ಮಾತಾ ಅದು?

ಮುಂದಿನದು ಚಿಕ್ಕದಾಗಿ ಸಾಕು: 1922ರ ಗಯಾ ಕಾಂಗ್ರೆಸ್ ಅಧ್ಯಕ್ಷತೆ, 1923ರಲ್ಲಿ ಮೋತಿಲಾಲ್ ನೆಹರೂ ಜೊತೆ ಸ್ವರಾಜ್ ಪಕ್ಷ, ಮರುವರ್ಷ ಮೇಯರ್ ಹುದ್ದೆ. 1925ರ ಜೂನ್ 16ರಂದು ಡಾರ್ಜಿಲಿಂಗ್‌ನಲ್ಲಿ ತೀರಿಕೊಂಡರು. ನಂತರ ಮೇಯರ್ ಆದ ಜೆ.ಎಂ. ಸೇನ್‌ಗುಪ್ತ ಕೂಡ ಬ್ಯಾರಿಸ್ಟರೇ. ಅವರ ಹೆಸರು ಇಲ್ಲಿಗೆ ಸೇರಿಸದಿದ್ದರೆ ಒಳ್ಳೆಯದು, ಮತ್ತೆ ಗೊಂದಲ ಆಗುತ್ತೆ.