ಬಿದ್ದ ಮೇಲೆ ಸ್ಕೂಟರ್ ಮುಟ್ಟಲೂ ಭಯ

ಪ್ರಶ್ನೆ: ಅಕ್ಕಾ, 2 ವರ್ಷದ ಹಿಂದೆ ಮದ್ದೂರಿನ ಹತ್ತಿರ ಸ್ಕೂಟರ್‌ನಿಂದ ಬಿದ್ದು ಕೈ ಮುರಿಯಿತು. ಈಗ ಗಾಡಿ ಮುಟ್ಟಲೂ ಭಯ. ಮಗಳನ್ನು ಟ್ಯೂಷನ್‌ಗೆ ಬಿಡಲು ಆಗುತ್ತಿಲ್ಲ. ‘ಹೆಂಗಸರಿಗ್ಯಾಕೆ ಗಾಡಿ’ ಎಂದ ಮೈದುನನ ಮೇಲೆ ಇನ್ನೂ ಸಿಟ್ಟಿದೆ.
– ಓದುಗರೊಬ್ಬರು, ಮಂಡ್ಯ

ಉತ್ತರ: ನಾನೂ ಚಾಮುಂಡಿ ಬೆಟ್ಟ ಇಳಿಯುವಾಗ ಬಿದ್ದವಳೇ. 6 ತಿಂಗಳು ಬಸ್ಸಲ್ಲೇ ಓಡಾಡಿದೆ. ದೂರ ಇದ್ದಷ್ಟೂ ಭಯ ಜಾಸ್ತಿಯಾಯ್ತು. ಒಂದು ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಹತ್ತಿರ ಸುಮ್ನೆ ಸ್ಟಾರ್ಟ್ ಮಾಡಿ ಕೂತೆ. ಅಂಗೈ ಬೆವರಿ ಹ್ಯಾಂಡಲ್ ಜಾರುತ್ತಿತ್ತು. ಸ್ವಲ್ಪ ಹೊತ್ತಿಗೆ ಎದೆಬಡಿತ ಇಳಿಯಿತು. ಮುಂದಿನ ವಾರ ನಾಲ್ಕು ಮಾರು ಓಡಿಸಿದೆ, ಅಷ್ಟೇ.

ಮೈದುನನ ಮಾತು ಚುಚ್ಚಿದ್ದು ನಿಜ ಅಲ್ವಾ? ಅದನ್ನು ಅವರಿಗೇ ಹೇಳಿಬಿಡಿ. ಅವರಿಗೆ ತೋರಿಸಬೇಕು ಅಂತ ಮಾತ್ರ ಓಡಿಸಬೇಡಿ, ಮಗಳಿಗಾಗಿ ಓಡಿಸಿ. ನಾಳೆ ಹೆಲ್ಮೆಟ್ ಹಾಕಿಕೊಂಡು ನಿಮ್ಮ ಬೀದಿಯ ಕೊನೆವರೆಗೆ ಹೋಗಿ ಬನ್ನಿ.