ಸೀ, ಲುಕ್, ವಾಚ್ ಮೂರಕ್ಕೂ ‘ನೋಡು’ ಅಂತಲೇ ಅರ್ಥ ಅಲ್ವಾ? ವ್ಯತ್ಯಾಸ ಏನು?

ಕನ್ನಡದಲ್ಲಿ ‘ಕಾಣು’ ಮತ್ತು ‘ನೋಡು’ ಬೇರೆ ಬೇರೆ ಅಲ್ವಾ, ಅದನ್ನೇ ಹಿಡಿದುಕೊಳ್ಳಿ. ‘ಸೀ’ ಅಂದ್ರೆ ಕಾಣುವುದು. ಅದು ತಾನಾಗಿ ಕಣ್ಣಿಗೆ ಬೀಳುತ್ತೆ. ‘ಲುಕ್’ ಅಂದ್ರೆ ಬೇಕಂತಲೇ ಆ ಕಡೆ ಕಣ್ಣು ಹಾಯಿಸುವುದು, ಯಾವುದನ್ನ ಅಂತ ಹೇಳುವಾಗ ಪಕ್ಕದಲ್ಲಿ ‘ಅಟ್’ ಬೇಕು, ದಯವಿಟ್ಟು ಅದನ್ನ ಬಿಡಬೇಡಿ: ‘ಲುಕ್ ಅಟ್ ದ ಬೋರ್ಡ್’. ‘ಐ ಲುಕ್ಡ್, ಬಟ್ ಐ ಡಿಡಂಟ್ ಸೀ ಎನಿಥಿಂಗ್’ ಅಂದ್ರೆ ನೋಡಿದೆ, ಏನೂ ಕಾಣಿಸಲಿಲ್ಲ. ಈ ಒಂದು ವಾಕ್ಯ ಬಾಯಿಗೆ ಬಂದ್ರೆ ಅರ್ಧ ಕೆಲಸ ಮುಗೀತು.

‘ವಾಚ್’ ಸುಲಭ. ಮ್ಯಾಚ್, ಟಿವಿ, ಆಟವಾಡುವ ಮಗು, ಹೀಗೆ ಏನಾದ್ರೂ ನಡೀತಿರುವುದನ್ನ ಸ್ವಲ್ಪ ಹೊತ್ತು ಗಮನವಿಟ್ಟು ನೋಡುವುದು.

ಇನ್ನೊಂದು, ಹಕ್ಕಿ ಕಾಣ್ತಿದೆ ಅನ್ನೋಕೆ ‘ಐ ಆಮ್ ಸೀಯಿಂಗ್’ ಅನ್ನಬೇಡಿ, ‘ಐ ಕ್ಯಾನ್ ಸೀ ಎ ಬರ್ಡ್’ ಅನ್ನಿ. ‘ಐ ಆಮ್ ಸೀಯಿಂಗ್ ಹಿಮ್’ ಅಂದ್ರಂತೂ ಅವನ ಜೊತೆ ಪ್ರೀತಿಯಲ್ಲಿದ್ದೀರಿ ಅಂದುಕೊಳ್ತಾರೆ.