ಪ್ರ: ‘ಓಕೆ ಕಂಪ್ಯೂಟರ್’ ಆದ್ಮೇಲೆ ‘ಕಿಡ್ ಎ’ ಹಾಕಿದ್ರೆ ಗಿಟಾರೇ ಇಲ್ವಲ್ಲ, ರೇಡಿಯೊಹೆಡ್‌ನಲ್ಲಿ ಜನ ಬದಲಾದ್ರಾ?

ಇಲ್ಲ ಸರ್, ಈ ರಾಕ್ ಬ್ಯಾಂಡ್‌ನಲ್ಲಿ ಇರುವುದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಅದೇ ಐದು ಜನ. ಬದಲಾದದ್ದು ಕೈಯಲ್ಲಿದ್ದ ವಾದ್ಯ. 1997ರ ಆಲ್ಬಂ ‘ಓಕೆ ಕಂಪ್ಯೂಟರ್’ ಗೆದ್ದ ಮೇಲೆ ಸುದೀರ್ಘ ಪ್ರವಾಸದಲ್ಲಿ ಗಾಯಕ ಟಾಮ್ ಯಾರ್ಕ್ ಸುಸ್ತಾದರು, ಗಿಟಾರ್ ರಾಕ್ ಬೇಸರ ಬಂತು. ‘ಕಿಡ್ ಎ’ (2000) ಶುರುವಾಗುವುದೇ ಸಿಂಥ್‌ನ (ಸಿಂಥಸೈಸರ್, ಎಲೆಕ್ಟ್ರಾನಿಕ್ ಕೀಬೋರ್ಡ್) ಸ್ವರಗಳಿಂದ. ಹತ್ತು ಎಣಿಕೆಯ ಆವರ್ತ, ಮೇಲೆ ತುಂಡರಿಸಿದ ದನಿ. ಗಿಟಾರ್ ವಾದಕ ಜಾನಿ ಗ್ರೀನ್‌ವುಡ್ ಗಿಟಾರ್ ಬದಿಗಿಟ್ಟು ಒಂಡ್ ಮಾರ್ಟೆನೊ ನುಡಿಸಿದ್ದಾರೆ. ಅದು 1928ರಲ್ಲಿ ಬಂದ ಫ್ರೆಂಚ್ ಎಲೆಕ್ಟ್ರಾನಿಕ್ ವಾದ್ಯ. ಬೆರಳಿನ ಉಂಗುರವನ್ನು ತಂತಿಗುಂಟ ಸರಿಸಿದರೆ ನಮ್ಮ ಕರ್ನಾಟಕ ಸಂಗೀತದ ಜಾರು ಗಮಕದ ಹಾಗೆ ಸ್ವರ ಜಾರುತ್ತದೆ.

ಗಿಟಾರ್ ಪೂರ್ತಿ ಹೋಗಿಲ್ಲ. ಇದೇ ಆಲ್ಬಂನ ಹಾಡುಗಳಲ್ಲಿ ಮೊದಲು ‘ಆಪ್ಟಿಮಿಸ್ಟಿಕ್’ ಕೇಳಿ, ಆಮೇಲೆ ‘ದಿ ನ್ಯಾಷನಲ್ ಆಂಥೆಮ್’. ಇದನ್ನು ಮೊಬೈಲ್ ಸ್ಪೀಕರ್‌ನಲ್ಲಿ ಕೇಳಬೇಡಿ; ಹಾಡು ನಿಂತಿರುವುದೇ ಬೇಸ್‌ನ ಮಂದ್ರ ಸ್ವರದ ಮೇಲೆ, ಅದು ಮಾಯವಾದರೆ ಉಳಿಯುವುದು ಕಹಳೆಗಳ ಗದ್ದಲ. ಬಳಿಕ ಇಡೀ ಆಲ್ಬಂ ಕ್ರಮವಾಗಿ, ಷಫಲ್ ಆಫ್ ಮಾಡಿ.

‘ಆಮ್ನೀಸಿಯಾಕ್’ (2001) ಅದೇ ರೆಕಾರ್ಡಿಂಗ್‌ಗಳದ್ದು, ಸದ್ಯಕ್ಕೆ ಬಿಟ್ಟರೂ ನಡೆಯುತ್ತೆ. ನೇರ ‘ಇನ್ ರೇನ್‌ಬೋಸ್’ಗೆ (2007) ಹೋಗಿ. ರೆಕಾರ್ಡ್ ಕಂಪನಿ ಇಎಂಐ ಜೊತೆಗಿನ ಒಪ್ಪಂದ ಮುಗಿದಿತ್ತು, ಕೇಳುಗರು ಇಷ್ಟವಿದ್ದಷ್ಟು ಕೊಟ್ಟು ಡೌನ್‌ಲೋಡ್ ಮಾಡಲಿ ಎಂದು ಬಿಟ್ಟರು. ಗಿಟಾರೂ ಯಂತ್ರವೂ ಜಗಳವಿಲ್ಲದೆ ಕೂತಿರುವುದು, ನನ್ನ ಪ್ರಕಾರ, ಅದರಲ್ಲೇ.